ಎನ್ ಅಂದ್ರ ನಿವಾಂತ

ನಮ್ಮ ಕಾಕಾ ಕಾರು ಓಡಿಸುತ್ತಾರೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅವರು ಕಾರಿನಲ್ಲಿ ಕೂಡುತ್ತಾರೆ, ಅಷ್ಟೇ. ಕೂತು, ಕನ್ನಡಕ ಒರೆಸಿಕೊಂಡು, ಎದುರಿನ ಗಾಜಿನಾಚೆ ನೋಡುತ್ತ ಇರುತ್ತಾರೆ. ಎಷ್ಟು ಹೊತ್ತು ಅಂತ ನೋಡಿಸಿಕೊಳ್ಳುವುದು? ರಸ್ತೆಗೇ ಬೇಸರ ಬಂದು ಅದೇ ಎದ್ದು ಇವರ ಕಡೆ ಬರತೊಡಗುತ್ತದೆ. ಬಸವನ ಬಾಗೇವಾಡಿಯಿಂದ ಹೊರಟವರು ಸಿಂದಗಿ ಮುಟ್ಟಿದ್ದಾರೆ ಎಂದರೆ ಅದು ಸಿಂದಗಿಯ ದೊಡ್ಡತನ. ಅದರಲ್ಲಿ ಕಾಕಾನ ಪಾಲು ಬಹಳ ಕಡಿಮೆ!

ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ, ಇದು ಅವರದೇ ಸಿದ್ಧಾಂತ. ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಬಾಗೇವಾಡಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. "ಭೂಮಿ ತಾನ ತಿರಗಾಕತ್ತೈತಿ. ಮ್ಯಾಲ ನಾವ್ಯಾಕ ಗಡಿಬಿಡಿ ಮಾಡಬೇಕು? ಸುಮ್ಮ ಕುಂತ್ರ ಊರು ತಾವ ಬರ್ತಾವ" ಎನ್ನುತ್ತಾರೆ. ಹಿಂದೆ ಬಂದ ಎತ್ತಿನ ಬಂಡಿಯವರು "ಸರ, ಸ್ವಲ್ಪ ಬಾಜೂಕ ಆಗ್ರಿ, ನಮಗ ಲಗೂ ಹೋಗೂದೈತಿ" ಎಂದು ಕೇಳಿಕೊಂಡದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಕಾಕಾ ಸಂತೋಷದಿಂದ ದಾರಿ ಬಿಟ್ಟರು. ಎತ್ತುಗಳ ಆರೋಗ್ಯವನ್ನೂ ವಿಚಾರಿಸಿದರು.

ಇಂಥವರು ಕಾರು ಕೊಂಡದ್ದೇ ಒಂದು ಆಶ್ಚರ್ಯ. ನೌಕರಿಯುದ್ದಕ್ಕೂ ಸೈಕಲ್ ಮೇಲೆ ಶಾಲೆಗೆ ಹೋದ ಮನುಷ್ಯ. ಆದರೆ ನಿವೃತ್ತರಾದ ವರ್ಷವೇ ಕಾಕುವಿಗೆ, ಅಂದರೆ ಅವರ ಹೆಂಡತಿಗೆ, ಹೃದಯದ ತೊಂದರೆಯಾಯಿತು. ಮುದ್ದೇಬಿಹಾಳದ ತಂಗಿಯ ಮನೆಗೆ ಕಾಕಾನೊಂದಿಗೆ ತೊಟ್ಟಿಲ ಕಾರ್ಯಕ್ಕೆ ಹೋದವಳು ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದಾಗಲೇ ಕುಸಿದಳು. ಯಾರದೋ ಜೀಪು ಸಿಕ್ಕು, ಬಾಗೇವಾಡಿ, ಮನಗೂಳಿ ದಾಟಿಸಿ ವಿಜಾಪುರದ ದವಾಖಾನೆ ಮುಟ್ಟಿಸಿದರು. ದೇವರ ದಯೆ, ಗುಣವಾಗಿ ಬಂದಳು. ಬಂದಮೇಲೆ ಕಾಕಾ ಹೇಳಿದ್ದು ಒಂದೇ ಮಾತು: "ಇನ್ನ ಮ್ಯಾಲ ಮಂದಿ ಗಾಡಿ ದಾರಿ ಕಾಯೂದು ಬ್ಯಾಡ."

ಹೇಳಿದ್ದು ಸುಲಭ. ಕಲಿಯುವುದು? ಡ್ರೈವಿಂಗ್ ಕಲಿಸುವವನು ಕ್ಲಚ್ ಒತ್ತಿರಿ ಅಂದಾಗ ಕಾಕಾ ಕಿಟಕಿಯಾಚೆ ಮೋಡ ನೋಡುತ್ತಿದ್ದರಂತೆ. ಕ್ಲಚ್ ಬಿಡಿರಿ ಅಂದಾಗ ಇನ್ನೂ ಅದೇ ಮೋಡ. ಕೊನೆಗೆ ಅವನೇ ಕೈ ಜೋಡಿಸಿ, "ಸರ, ನಿಮಗ ಕ್ಲಚ್ ಇಲ್ಲದ ಗಾಡೀನ ಬರೋಬ್ಬರಿ" ಎಂದ. ಹೀಗೆ ಗೇರು ತಾನೇ ಬದಲಿಸಿಕೊಳ್ಳುವ ಕಾರು ಬಂತು.

ಶೋರೂಮಿಗೆ ನಾನೂ ಹೋಗಿದ್ದೆ. ನಾನು ವಿಜಾಪುರದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಕಾಗದಪತ್ರ ಓದುವ ಕೆಲಸ ಯಾವಾಗಲೂ ನನ್ನ ಕೊರಳಿಗೇ. ಆದರೆ ಅಲ್ಲಿ ಕಾಕಾ ನನಗೆ ಓದಗೊಡಲಿಲ್ಲ. ವಾರಂಟಿ ಎಂಬ ಶಬ್ದ ಕೇಳಿದ್ದೇ ತಡ, ನಿದ್ದೆಯಿಂದ ಎದ್ದವರಂತೆ ನೆಟ್ಟಗೆ ಕೂತರು.

"ಗೇರ್ ಬಾಕ್ಸಿಗೂ ವಾರಂಟಿ ಐತೇನ್ರಿ?"

"ಐತ್ರಿ ಸರ. ಹೆಚ್ಚಿನ ವಾರಂಟಿ ತಗೊಂಡ್ರ ಇನ್ನೂ ಮುಂದಕ್ಕ ಬರ್ತೈತ್ರಿ" ಎಂದಳು ಮಾರಾಟದ ಹುಡುಗಿ.

"ಅಂದ್ರ ಏನೂ ಆಗಂಗಿಲ್ಲಂತ ಬರದ ಕೊಡ್ತೀರಿ?"

"ಆದ್ರ ನಾವ ನೋಡಕೋತೇವಿ ಅಂತ ಬರದ ಕೊಡ್ತೇವ್ರಿ."

ಕಾಕಾ ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಒಳಗಿನ ಸಣ್ಣಕ್ಷರ ಒಂದೂ ಓದಲಿಲ್ಲ ಎಂಬುದು ನನಗೆ ಗೊತ್ತು. "ದವಾಖಾನಿಯವರು ಹಿಂಗೊಂದು ಕಾಗದ ಕೊಡಲಿಲ್ಲ ನೋಡು" ಎಂದು ಅದನ್ನು ಮಡಚಿ ಎದೆಯ ಕಿಸೆಯಲ್ಲಿ ಇಟ್ಟುಕೊಂಡರು. ಕಾಕು ನಕ್ಕಳು. "ವಾರಂಟಿ ಕೊಡಾಕ ನಾ ಏನ್ ಹೊಸಾ ಮಾಡೆಲ್ ಅದೇನೇನ್ರಿ?" ಎಂದಳು. ಕಾಕಾ ಮಾತ್ರ ನಗಲಿಲ್ಲ.

ಕಾರು ಮನೆಗೆ ಬಂದ ದಿನ ಇಂಡಿಯಿಂದ ಅಪ್ಪ ಒಂದು ಚೀಲ ಲಿಂಬೆಹಣ್ಣು ತಂದಿದ್ದರು. ನಮ್ಮದು ಇಂಡಿಯಲ್ಲಿ ಲಿಂಬೆ ತೋಟ. ಹೊಸ ಗಾಡಿಯ ಗಾಲಿಯ ಕೆಳಗೆ ಲಿಂಬೆಹಣ್ಣಿಟ್ಟು ತುಳಿಸಬೇಕಲ್ಲ? ಅಪ್ಪ ತಾವೇ ಬಾಗಿ ನಾಲ್ಕೂ ಗಾಲಿಗೆ ಇಟ್ಟರು. ಕಾಕಾ ಕೆಳಗಿಳಿದು ಬಂದು ನಾಲ್ಕನ್ನೂ ಆರಿಸಿ, ಅಂಗಿಯ ತುದಿಯಿಂದ ಒರೆಸಿ, "ಇಂಡಿ ಲಿಂಬಿಹಣ್ಣು ಗಾಲಿ ಕೆಳಗ ಹಾಕೂದೇನ ಅಣ್ಣಾ? ಪಾನಕ ಮಾಡಿ ಕುಡೂಣು" ಎಂದರು. ಹಾಗೆಯೇ ಆಯಿತು. ಅಪ್ಪ ಮೂರು ಲೋಟ ಪಾನಕ ಕುಡಿದರು, ಕುಡಿಯುತ್ತಲೇ ಸಿಟ್ಟು ಮಾಡಿದರು. ಮುಂದೆ ಕಾರಿಗೆ ಏನೇ ಆದರೂ, ಒಂದು ಕನ್ನಡಿಗೆ ಗೀರು ಬಿದ್ದರೂ, ಅಪ್ಪನ ಫೋನು ಬರುತ್ತಿತ್ತು: "ಲಿಂಬಿಹಣ್ಣು ತುಳಿಸಿದ್ರ ಹಿಂಗ ಆಗ್ತಿರಲಿಲ್ಲ!"

ಗೇರಿನ ಹಿಡಿಕೆಯ ಪಕ್ಕ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆಯಲ್ಲ, ಅವಕ್ಕೆ ಕಾಕಾ ತಮ್ಮದೇ ಅರ್ಥ ಕೊಟ್ಟಿದ್ದರು. "ಡಿ ಅಂದ್ರ ದುಡಿ. ಆರ್ ಅಂದ್ರ ರಿಟೈರ್. ಎನ್ ಅಂದ್ರ ನಿವಾಂತ, ಯಾವ ಗಡಿಬಿಡೀನೂ ಇಲ್ಲ." ಮೂರರಲ್ಲಿ ಅವರಿಗೆ ಯಾವುದು ಇಷ್ಟ ಎಂದು ಬೇರೆ ಹೇಳಬೇಕೇ?

ಅವರೊಂದಿಗೆ ಹೋಗುವುದೆಂದರೆ ಒಂದು ರೀತಿಯ ಜೋಂಪು. ಬಿಳಿಜೋಳ ತೆನೆ ಕಟ್ಟಿದ ದಿನಗಳಲ್ಲಿ ನೀವು ನಮ್ಮ ಕಡೆ ಬಂದಿದ್ದೀರಾ? ಕಣ್ಣು ಹಾಯುವವರೆಗೆ ಎರೆಹೊಲ, ಗಾಳಿಗೆ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಹೊರಳುವ ಬೆಳೆ, ನಡುವೆ ನೆಟ್ಟಗೆ ಮಲಗಿದ ರಸ್ತೆ. ಕಿಟಕಿಯಿಂದ ಬರುವ ಗಾಳಿಗೆ ಕುಸುಬೆಯ ವಾಸನೆ. ಕಾಕು ಏನೋ ಹೇಳುತ್ತಿರುತ್ತಾಳೆ, ಕಾಕಾ "ಹೂಂ" ಎನ್ನುತ್ತಿರುತ್ತಾರೆ, ಹಿಂದೆ ಕೂತ ನಾನು ಎಚ್ಚರದಲ್ಲಿದ್ದೇನೋ ಇಲ್ಲವೋ ನನಗೇ ತಿಳಿಯುವುದಿಲ್ಲ. ಒಮ್ಮೆ ಕಣ್ಣು ಬಿಟ್ಟಾಗ ಗಾಡಿ ಮುಳವಾಡದ ಕಾಲುವೆಯ ಪಕ್ಕ ನಿಂತಿತ್ತು. ಕಾಕಾ ದಂಡೆಯ ಮೇಲೆ ಕೈಕಟ್ಟಿ ನಿಂತಿದ್ದರು.

"ಏನಾತ್ರಿ ಕಾಕಾ?"

"ನೋಡು ಮಗಳ. ನದ್ಯಾಗಿನ ನೀರು ಮ್ಯಾಲಕ್ಕೇರಿ ಬಂದೈತಿ. ಇಷ್ಟ ವರ್ಷ ನಾ ಹುಡುಗರಿಗೆ ನೀರು ಕೆಳಗ ಹರೀತೈತಿ ಅಂತ ಕಲಿಸಿದೆ!"

ಅವರ ಮುಖದಲ್ಲಿ ನೀರೆತ್ತುವ ಪಂಪು, ಕರೆಂಟು ಯಾವುದರ ನೆನಪೂ ಇರಲಿಲ್ಲ. ನೀರಿಗೇ ಮನಸ್ಸಾಗಿ ಎದ್ದು ಬಂದಿದೆ ಎಂಬಂತೆ ನೋಡುತ್ತಿದ್ದರು. ನಾವು ಅವತ್ತು ಹೋಗಬೇಕಾಗಿದ್ದ ಮದುವೆಯಲ್ಲಿ ಅಕ್ಷತೆ ಬಿದ್ದು ಊಟವೂ ಮುಗಿದಿತ್ತು. ಬೀಗರು ನಮಗೆಂದು ಎತ್ತಿಟ್ಟ ಬುಂದಿ ತಿಂದು ಬಂದೆವು.

ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಕಾಕಾನಿಗೆ ಇನ್ನೊಂದು ಚಟವಿತ್ತು, ಅದೇ ಮುಂದೆ ತಾಪತ್ರಯಕ್ಕೆ ಬಂತು.

ಕಾಕಾ ದೇವಭಕ್ತರಲ್ಲ. ಮನೆಯ ದೇವರ ಜಗಲಿ ಪೂರ್ತಿ ಕಾಕುವಿನ ಪಾಲು. ಸೋಮವಾರ ಗುಡಿಗೆ ಕರೆದರೆ ಬರುತ್ತಾರೆ, ಆದರೆ "ನಾ ಇಲ್ಲೇ ಚಪ್ಪಲಿ ಕಾಯ್ತೇನಿ, ನೀವು ಹೋಗಿ ಬರ್ರಿ" ಎಂದು ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಇಂಥ ಮನುಷ್ಯ ಕಾರಿನಲ್ಲಿ ಕೂತಕೂಡಲೇ ಮಹಾಭಕ್ತ! ಅದರಲ್ಲೂ ಒಂದು ವಿಚಿತ್ರ. ಸಿಂದಗಿಯಲ್ಲಿ ಮಗಳ ಮನೆಗೆ ಹೋಗುವ ದಾರಿಯಲ್ಲಿ, ಇಂಡಿಗೆ ನಮ್ಮಲ್ಲಿಗೆ ಬರುವ ದಾರಿಯಲ್ಲಿ ಗುಡಿ ಕಂಡರೆ ಎದೆಗೊಮ್ಮೆ ಒಂದು ಕೈ ಮುಟ್ಟಿಸಿದರೆ ಮುಗಿಯಿತು. ಆದರೆ ಮುದ್ದೇಬಿಹಾಳದಿಂದ ಬಾಗೇವಾಡಿ, ಬಾಗೇವಾಡಿಯಿಂದ ಮನಗೂಳಿ, ಅಲ್ಲಿಂದ ವಿಜಾಪುರ, ಈ ಒಂದು ದಾರಿಯ ದೇವರುಗಳಿಗೆ ಮಾತ್ರ ಎರಡೂ ಕೈ! ಊರ ಮುಂದಿನ ಹನುಮಪ್ಪ, ಬೇವಿನ ಗಿಡದ ಕೆಳಗಿನ ದುರಗವ್ವ, ಹಸಿರು ನಿಶಾನೆಯ ದರ್ಗಾ, ಹೊಲದ ಬದುವಿನ ಮೇಲೆ ಸುಣ್ಣ ಬಳಿದು ನಿಲ್ಲಿಸಿದ ಒಂದು ಕಲ್ಲು. ಯಾರನ್ನೂ ಬಿಡುವುದಿಲ್ಲ.

ಮಾಡುವ ರೀತಿ ಕೇಳಿ. ಗುಡಿ ಕಂಡಿತು. ಎಡಗೈ ಹೋಗಿ ಗೇರನ್ನು ಎನ್‌ಗೆ ತಳ್ಳಿತು. ಗಾಡಿ ತನ್ನ ಪಾಡಿಗೆ ತಾನು ಉರುಳುತ್ತಿದೆ. ಈಗ ಎರಡೂ ಕೈ ಸ್ಟೇರಿಂಗ್ ಬಿಟ್ಟು ಮೇಲೆದ್ದು ಜೋಡಿಸಿಕೊಂಡವು. ಆ ಗಳಿಗೆಯಲ್ಲಿ ಕಾಕಾ ಕಣ್ಣು ಮುಚ್ಚುತ್ತಾರೋ ಇಲ್ಲವೋ ನಾನು ನೋಡಿಲ್ಲ. ಆ ಹೊತ್ತಿಗೆ ನನ್ನ ಕಣ್ಣು ಮುಚ್ಚಿರುತ್ತವೆ! ಪಕ್ಕದಲ್ಲಿ ಕೂತ ಕಾಕು ಸ್ಟೇರಿಂಗಿಗೆ ಕೈ ಹಾಕಿರುತ್ತಾಳೆ.

"ರೀ! ಹಿಡೀರಿ ಇದನ್ನ!"

"ನೀ ಹಿಡದೀಯಲ್ಲ."

"ಸಿಂದಗಿ ದಾರಿ ದೇವ್ರಿಗೆ ಒಂದ ಕೈ ನಡೀತೈತಿ, ಈ ದಾರಿ ದೇವ್ರಿಗೆ ಯಾಕ ನಡಿಯಂಗಿಲ್ಲ?"

"ಈ ದಾರಿ ದೇವರ ಬ್ಯಾರೆ."

"ಏನ್ ಬ್ಯಾರೆ? ಇವ್ರೇನ್ ಮುನ್ಸಿಪಾಲ್ಟಿ ಮೆಂಬರೇನು, ಎರಡೂ ಕೈ ಎತ್ತಾಕ?"

ಗುಡಿ ದಾಟಿದ ಮೇಲೆ ಗೇರು ಮತ್ತೆ ಡಿಗೆ. ಗಾಡಿ ಒಮ್ಮೆ ಧಡ್ ಎಂದು ಬಿಕ್ಕುತ್ತದೆ. "ಅದೂ ಕೈ ಮುಗೀತು" ಎಂದು ಕಾಕಾ ನಗುತ್ತಾರೆ.

ಈ ಬಗ್ಗೆ ಮನೆಯಲ್ಲಿ ನಾನಾ ಸಂಶೋಧನೆ ನಡೆದಿತ್ತು. ರಸ್ತೆ ಕೆಟ್ಟದ್ದರಿಂದ ಹೆದರಿದ್ದಾನೆ ಎಂದು ಅಪ್ಪ. ಏನೋ ಹರಕೆ ಇರಬೇಕು ಎಂದು ಸಿಂದಗಿಯ ಮಗಳು. ಕಾಕುವಿನದು ಸರಳ: "ವಯಸ್ಸಾತು, ಮತ್ತೇನು!" ಕಾಕಾನನ್ನೇ ಕೇಳಿದರೆ ಮೋಡ ನೋಡುತ್ತಿದ್ದರು.

ದೇವರೇನೋ ಸಹಿಸಿಕೊಂಡ. ಗೇರ್ ಬಾಕ್ಸು ಎಷ್ಟು ದಿನ ಸಹಿಸೀತು? ಕಾಕುವನ್ನು ವಿಜಾಪುರದ ಡಾಕ್ಟರಿಗೆ ತೋರಿಸಿಕೊಂಡು ಮರಳುತ್ತಿದ್ದಾಗ, ಮನಗೂಳಿ ದಾಟಿದ ಮೇಲೆ ಒಂದು ಹನುಮಪ್ಪನ ಗುಡಿ ಬಂತು. ಎನ್ ಆಯಿತು, ಎರಡೂ ಕೈ ಎದ್ದವು, ಕಾಕು ಚೀರಿದಳು, ಗುಡಿ ದಾಟಿತು. ಡಿ ಹಾಕಿದರು. ಧಡ್ ಎನ್ನಲಿಲ್ಲ. ಇಂಜಿನ್ ಒದರುತ್ತಿದೆ, ಗಾಡಿ ಮಾತ್ರ ನಿಧಾನವಾಗಿ ನಿಂತುಕೊಂಡಿತು.

"ದಣದೈತಿ. ಕುಂಡ್ರಲಿ ಬಿಡು" ಎಂದರಂತೆ ಕಾಕಾ. ಇಬ್ಬರೂ ಅಲ್ಲೇ ಗಿಡದ ನೆರಳಿಗೆ ಕೂತು ಬುತ್ತಿ ಬಿಚ್ಚಿ ಊಟ ಮಾಡಿದರು. ಊಟವಾದ ಮೇಲೂ ಡಿ ಬೀಳಲಿಲ್ಲ. ಆರ್ ಹಾಕಿದರೆ ಮಾತ್ರ ಗಾಡಿ ಚೆನ್ನಾಗಿ ಹಿಂದಕ್ಕೆ ಹೋಗುತ್ತಿತ್ತು. ಕಾಕಾನ ತಲೆಯಲ್ಲಿ ಬಂದ ವಿಚಾರ ಏನಿರಬಹುದು, ಊಹಿಸಿ ನೋಡಿ. ಗಾಡಿಯ ಮುಖ ವಿಜಾಪುರದ ಕಡೆ ತಿರುಗಿಸಿ, ಬಾಗೇವಾಡಿಯವರೆಗೂ ರಿವರ್ಸಿನಲ್ಲೇ ಹೋಗುವುದು! "ಊರು ಹಿಂದಿಂದ ಬರ್ತೈತಿ, ಅಷ್ಟ" ಎಂದರಂತೆ. ಕಾಕು ಕೆಳಗಿಳಿದು ನಿಂತುಬಿಟ್ಟಳು. ಕೊನೆಗೆ ಪರಿಚಯದವರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಮನೆಗೆ ಬಂದರು. ಹಗ್ಗದ ಗಾಡಿಯಲ್ಲಿ ಕೂತ ಕಾಕಾ ದಾರಿಯುದ್ದಕ್ಕೂ ಬಹಳ ಆನಂದವಾಗಿದ್ದರು ಎಂದು ಕಾಕು ನನಗೆ ಫೋನಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ಆನಂದವಿರಲಿಲ್ಲ.

ಸರ್ವಿಸ್ ಸೆಂಟರಿಗೆ ಫೋನು ಮಾಡಿದೆವು. ಒಂದು ಒತ್ತಿರಿ, ಎರಡು ಒತ್ತಿರಿ, ಕಾಯಿರಿ. ಕಾಯುವಾಗ ಒಂದು ಸಂಗೀತ ಬರುತ್ತದಲ್ಲ, ಅದು ಕಾಕಾನಿಗೆ ಎಷ್ಟು ಹಿಡಿಸಿತೆಂದರೆ ಫೋನನ್ನು ಕಿಟಕಿಯಲ್ಲಿಟ್ಟು ಆರಾಮ ಕುರ್ಚಿಯಲ್ಲಿ ನಿದ್ದೆ ಹೋದರು. ಅತ್ತ ಒಬ್ಬಾಕೆ "ಹಲೋ, ಹಲೋ" ಎಂದು ಇಟ್ಟುಬಿಟ್ಟಳು. ಮರುದಿನ ನಾನೇ ಮಾತಾಡಿದೆ. ವಾರಂಟಿ ನೋಡುವ ಸಾಹೇಬರು ಹುಬ್ಬಳ್ಳಿಯಿಂದ ಬರಬೇಕು, ಅವರ ಎದುರಿಗೇ ಗೇರ್ ಬಾಕ್ಸು ಬಿಚ್ಚಬೇಕು, ಅವರು ಬರುವುದು ಇನ್ನೂ ತಡ, ಅಲ್ಲಿಯವರೆಗೆ ಗಾಡಿ ಮನೆಯಲ್ಲೇ ಇರಲಿ ಎಂದರು. ಕಾಕಾನ ಎದೆಯ ಕಿಸೆಯ ಆ ಕಾಗದದ ಅವಧಿಯೂ ಮುಗಿಯುತ್ತ ಬಂದಿತ್ತು.

ಅಷ್ಟರಲ್ಲಿ ಇಂಡಿಯಿಂದ ಅಪ್ಪನ ಫೋನು. ಮೊದಲು ಲಿಂಬೆಹಣ್ಣಿನ ಮಾತು ಮುಗಿಸಿ, ಆಮೇಲೆ ತೀರ್ಪು ಕೊಟ್ಟರು. "ವಾರಂಟಿ ಸಿಕ್ರ ಗಾಡಿ ಇಟಗೋ. ಸಿಗಲಿಲ್ಲಂದ್ರ ಮಾರಿ ಬಿಡು. ಕೈ ಬಿಟ್ಟು ಗಾಡಿ ಹೊಡ್ಯೂದು ಇಷ್ಟ ಸಾಕು."

ಆ ಲಿಂಬೆಹಣ್ಣೊಂದು ಬಿಟ್ಟರೆ ಕಾಕಾ ಹುಟ್ಟಿದಾಗಿನಿಂದ ಅಣ್ಣನ ಮಾತು ಮೀರಿದವರಲ್ಲ. "ಆತಣ್ಣಾ" ಎಂದರು. ಕಾಕುವಿಗೆ ಬಸ್ಸಿನ ಕುಲುಕಾಟ ಆಗಬಾರದೆಂದು ಡಾಕ್ಟರು ಹೇಳಿದ್ದರು. ಸಿಂದಗಿಯ ಮಗಳು, ಮುದ್ದೇಬಿಹಾಳದ ತಂಗಿ, ಇಂಗಳೇಶ್ವರದ ತವರುಮನೆ, ಎಲ್ಲ ಆ ಕಾರಿನ ಕಿಟಕಿಯಿಂದಲೇ ಅವಳಿಗೆ ಸಿಗುತ್ತಿದ್ದುದು. ನಾನು ಹೋದಾಗ ಅವಳು ಸೆರಗಿನಿಂದ ಕಾರಿನ ಕನ್ನಡಿ ಒರೆಸುತ್ತಿದ್ದಳು. ನನ್ನನ್ನು ನೋಡಿ, "ಧೂಳ ಕುಂತಿತ್ತು" ಎಂದಳು.

ಮುಂದಿನದನ್ನು ಹೇಳಿದರೆ ನೀವು ನಗುತ್ತೀರಿ. ನಗಿರಿ, ನಾನೂ ನಕ್ಕಿದ್ದೇನೆ.

ಅವತ್ತು ಭಾನುವಾರ ಸಂಜೆ. ಅಂಗಳದ ಬೇವಿನ ಗಿಡದ ಕೆಳಗೆ ಕಾರು. ಸ್ಟೇರಿಂಗ್ ಮುಂದೆ ಇಸ್ತ್ರಿ ಅಂಗಿ ಹಾಕಿಕೊಂಡು ಕಾಕಾ. ಪಕ್ಕದಲ್ಲಿ ತೊಡೆಯ ಮೇಲೆ ಚೂಡಾದ ಡಬ್ಬಿ ಇಟ್ಟುಕೊಂಡು ಕಾಕು. ಗಾಜು ಇಳಿಸಿದ್ದರು. ಇಂಜಿನ್ ಬಂದ್ ಆಗಿತ್ತು.

"ಬಾ ಮಗಳ, ಹಿಂದ ಕುಂಡ್ರು. ಮುದ್ದೇಬಿಹಾಳಕ್ಕ ಹೊಂಟೇವಿ" ಎಂದರು ಕಾಕಾ.

ನಾನು ಕಾಕುವಿ‌ನ ಮುಖ ನೋಡಿದೆ. ಅವಳು ನಾಚಿಕೊಂಡು, "ದಿನಾ ಸಂಜಿಮುಂದ ಇದ ನಡದೈತಿ. ನಿನ್ನಿ ಸಿಂದಗಿಗೆ ಹೋಗಿದ್ವಿ" ಎಂದಳು. ನಾನು ಬಾಗಿಲು ಹಾಕಿಕೊಂಡು ಕೂತೆ.

ಗಾಡಿ ಹೊರಟಿತು. ಅಂದರೆ ನಿಂತೇ ಇತ್ತು, ಆದರೆ ಹೊರಟಿತು. ಕಾಕಾ ಮೆಲ್ಲಗೆ ಸ್ಟೇರಿಂಗ್ ಹೊರಳಿಸಿ ಊರು ದಾಟಿಸಿದರು. ಬೇವಿನ ಹೂ ಗಾಜಿನ ಮೇಲೆ ಉದುರುತ್ತಿತ್ತು. "ಎಡಕ್ಕ ಸೂರ್ಯಕಾಂತಿ ನೋಡ್ರಿ ಹ್ಯಾಂಗ ನಿಂತೈತಿ" ಎಂದರು. "ಈಗೆಲ್ಲಿ ಸೂರ್ಯಕಾಂತಿ? ಕೊಯ್ದು ಎಂದೋ ಆತು. ತೊಗರಿ ಕಟಗಿ ಅದಾವ" ಎಂದು ಕಾಕು ತಿದ್ದಿದಳು. "ಹೌದಲಾ" ಎಂದು ಕಾಕಾ ಸೂರ್ಯಕಾಂತಿ ತೆಗೆದು ತೊಗರಿ ಕಟ್ಟಿಗೆ ಹಾಕಿದರು. ಕಾಲುವೆ ಬಂತು, ತಂಪು ಗಾಳಿ ಬಂತು. ಎದುರು ಬಂದ ಕುರಿಹಿಂಡಿಗೆ ದಾರಿ ಬಿಟ್ಟು ನಿಂತೆವು. ಕುರಿಗಳು ಬಹಳ ಇದ್ದವು, ಹೊತ್ತು ಹಿಡಿಯಿತು. ಚೂಡಾ ತಿಂದೆವು. ನನಗೆ ಕುರಿಗಳ ಮೈಯ ವಾಸನೆ ಬಂತು ಎಂದರೆ ನೀವು ನಂಬುವುದಿಲ್ಲ.

ಓಣಿಯ ಅಜ್ಜಿಯೊಬ್ಬಳು ಕಿಟಕಿಗೆ ಬಂದಳು. "ಎಲ್ಲಿಗ್ರಿ ಬಾಯಾರ?"

"ಮುದ್ದೇಬಿಹಾಳಕ್ಕ" ಎಂದಳು ಕಾಕು.

"ಹಂಗಾರ ಈ ಸಂಡಗಿ ಗಂಟು ನಮ್ಮ ಮಗಳ ಮನಿಗೆ ಮುಟ್ಟಿಸ್ರಿ."

ಕಾಕು ಇಲ್ಲ ಎನ್ನಲಾರದೆ ಗಂಟು ಇಸಿದುಕೊಂಡಳು. ನಾವು ಮುದ್ದೇಬಿಹಾಳ ಮುಟ್ಟಿ, ತಂಗಿಯೊಂದಿಗೆ ಮಾತಾಡಿ, ಮರಳಿ ಬಂದ ಮೇಲೆ ಅಜ್ಜಿಯನ್ನು ಕರೆದು ವಾಪಸ್ಸು ಕೊಟ್ಟಳು: "ಮನ್ಯಾಗ ಯಾರೂ ಇರಲಿಲ್ರಿ!"

ಮರಳುವ ದಾರಿಯಲ್ಲಿ ಕಾಕಾ ಮತ್ತೆ ಮತ್ತೆ ಎರಡೂ ಕೈ ಎತ್ತಿ ಮುಗಿಯುತ್ತಿದ್ದರು. ಯಾರೂ ಚೀರಲಿಲ್ಲ. ಗಾಡಿ ಹೇಗೂ ಎನ್‌ನಲ್ಲಿತ್ತು.

"ಇಲ್ಲಿ ಯಾವ ಗುಡಿ ಐತ್ರಿ?" ಎಂದು ಕಾಕು ಕೇಳಿದಳು.

"ಹುಣಸಿಗಿಡದ ಬುಡಕ ಒಂದು ಕಲ್ಲೈತಿ. ಸಣ್ಣದು. ಸುಣ್ಣಾ ಹಚ್ಯಾರ."

"ನಾ ಎಂದೂ ನೋಡೇ ಇಲ್ಲಲ್ಲ!"

"ನೀ ನೋಡಿಲ್ಲ ಬಿಡು" ಎಂದರು ಕಾಕಾ. ಆಮೇಲೆ ಸ್ಟೇರಿಂಗ್ ಹಿಡಿದು ಗಾಡಿಯನ್ನು ಊರೊಳಗೆ ತಂದರು.

ಸಾಹೇಬರು ಬರುವ ದಿನ ಕೊನೆಗೂ ಬಂತು. ವಿಜಾಪುರದ ಸರ್ವಿಸ್ ಸೆಂಟರಿಗೆ ಒಯ್ಯಲು ಕಾರನ್ನು ದೊಡ್ಡ ಲಾರಿಯ ಮೇಲೇರಿಸಿದರು. ಕಾಕಾ ಲಾರಿಯ ಡ್ರೈವರನ ಪಕ್ಕ ಕೂತರು. ಹಿಂದೆ ನನ್ನ ಕಾರಿನಲ್ಲಿ ಕಾಕು ಮತ್ತು ಅಪ್ಪ. ಅಪ್ಪ ಸಾಹೇಬರಿಗೆಂದು ಒಂದು ಚೀಲ ಲಿಂಬೆಹಣ್ಣು ತಂದಿದ್ದರು. ಮುಂದಿನ ಲಾರಿಯ ಕನ್ನಡಿಯಲ್ಲಿ ಎರಡು ಕೈಗಳು ಏಳುವುದು, ಇಳಿಯುವುದು ಕಾಣುತ್ತಿತ್ತು. ಲಾರಿಯಲ್ಲಿ ಎರಡೂ ಕೈ ಖಾಲಿ, ಚೀರುವವರಿಲ್ಲ. ಅಂಥ ಪ್ರಯಾಣ ತಮ್ಮ ಜನ್ಮದಲ್ಲೇ ಆಗಿಲ್ಲ ಎಂದು ಇಳಿದಾಗ ಹೇಳಿದರು.

ಅಪ್ಪ ಕಾಕಾನನ್ನು ಪಕ್ಕಕ್ಕೆ ಕರೆದು ಹುಡುಗನಿಗೆ ಹೇಳುವಂತೆ ಹೇಳಿದರು: "ಕೇಳಿದ್ದಕ್ಕ ಹೌದು, ಇಲ್ಲ ಅಷ್ಟ ಅನ್ನು. ಭೂಗೋಳ ಹೇಳಬ್ಯಾಡ."

ಗೇರ್ ಬಾಕ್ಸು ಬಿಚ್ಚಿ ಮೇಜಿನ ಮೇಲೆ ಹರವಿದ್ದರು. ಕಾಕಾ ಅದನ್ನು ನೋಡಿ "ಪಾಪ, ಇಷ್ಟ ಸಣ್ಣದೈತಿ" ಎಂದರು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಸಾಹೇಬರು ಒಳ್ಳೆಯ ಮನುಷ್ಯ. ಒಂದು ಸವೆದ ಭಾಗ ಕೈಯಲ್ಲಿ ಹಿಡಿದು ಹೇಳಿದರು:

"ಸರ, ಇದು ತಾನಾಗೇ ಕೆಟ್ಟಿದ್ರ ವಾರಂಟ್ಯಾಗ ಹಾಕಿ ಕೊಡ್ತೇವ್ರಿ. ಆದ್ರ ಇದರ ಸವಕಳಿ ನೋಡಿದ್ರ, ಓಡೂ ಗಾಡಿ ಗಳಿಗಿಗೊಮ್ಮೆ ನ್ಯೂಟ್ರಲ್ ಮಾಡಿ ಮತ್ತ ಡಿಗೆ ಎಳದಂಗ ಕಾಣ್ತೈತಿ. ಹಂಗೇನರ ಮಾಡ್ತಿದ್ರೇನ್ರಿ? ನೀವು ಇಲ್ಲಂದ್ರ ನಾ ಇಲ್ಲಂತ ಬರೀತೇನಿ."

ಅಪ್ಪ ಜೋರಾಗಿ ಕೆಮ್ಮಿದರು. ಕಾಕು ನೆಲ ನೋಡುತ್ತಿದ್ದಳು. ಕಾಕಾ ಒಂದು ಶಬ್ದ ಹೇಳಿದರೆ ಗಾಡಿ ಮನೆಗೆ ಬರುತ್ತಿತ್ತು.

"ಮಾಡ್ತಿದ್ನಿರಿ" ಎಂದರು ಕಾಕಾ.

"ಯಾಕ್ರಿ ಸರ? ಎಣ್ಣಿ ಉಳಸಾಕ?"

"ಅಲ್ರಿ. ಗುಡಿ ಬಂದ್ರ ಕೈ ಮುಗ್ಯಾಕ."

ಅಲ್ಲಿದ್ದ ಮೆಕ್ಯಾನಿಕ್‌ಗಳೆಲ್ಲ ನಕ್ಕರು. ಸಾಹೇಬರೂ ನಕ್ಕರು. "ಒಂದ ಕೈಲೆ ಮುಗದ್ರ ನಡೀತಿರಲಿಲ್ಲೇನ್ರಿ?" ಎಂದರು. ಕಾಕು ಇಷ್ಟು ವರ್ಷ ಕೇಳಿದ್ದೂ ಅದನ್ನೇ. ಕಾಕಾ ಎಲ್ಲರೊಂದಿಗೆ ತಾವೂ ನಗುತ್ತಿದ್ದವರು, ಈ ಸಲ ಮೋಡ ನೋಡಲಿಲ್ಲ.

"ನಡೀತಿರಲಿಲ್ರಿ. ಈಕಿಗೆ ಆರಾಮ ತಪ್ಪಿದಾಗ ಮುದ್ದೇಬಿಹಾಳದಿಂದ ಜೀಪಿನ್ಯಾಗ ಇದ ದಾರೀಲೆ ತಂದ್ವಿ. ಹಿಂದ ನಾ ಕುಂತಿದ್ದೆ. ಈಕಿ ತಲಿ ನನ್ನ ತೊಡಿ ಮ್ಯಾಲ. ಎಚ್ಚರ ಇರಲಿಲ್ಲ. ರಸ್ತಾ ಕೆಟ್ಟಿತ್ತು, ತಲಿ ಅಳ್ಳಾಡಬಾರದಂತ ಎರಡೂ ಕೈಲೆ ಹಿಡಕೊಂಡಿದ್ದೆ. ನಾ ದೇವ್ರಿಗೆ ಕೈ ಮುಗದಂವ ಅಲ್ರಿ. ಅವತ್ತ ಗುಡಿ ಕಂಡಾಗೊಮ್ಮೆ, ದರ್ಗಾ ಕಂಡಾಗೊಮ್ಮೆ, ಒಂದು ಕಲ್ಲು ಕಂಡ್ರೂ, ಈಕಿ ತಲಿ ಬಿಟ್ಟು ಎರಡೂ ಕೈ ಮುಗದೇನಿ. ನಾ ಬಿಟ್ಟೇನಿ, ನೀವ ಹಿಡೀರಿ ಅಂತ. ಹಿಡದ್ರು."

ಮತ್ತೆ ಅಂದರು: "ಅವತ್ತ ಈಕಿನ್ನ ಬಿಟ್ಟು ಮುಗದೇನ್ರಿ. ಈಗ ಒಂದು ಸ್ಟೇರಿಂಗ್ ಬಿಟ್ಟು ಮುಗಿಯೂದು ಯಾವ ದೊಡ್ಡ ಮಾತು?"

ಸಾಹೇಬರು ಕೈಯಲ್ಲಿದ್ದ ಭಾಗವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಸರ, ವಾರಂಟ್ಯಾಗ ಬರಂಗಿಲ್ರಿ" ಎಂದರು, ತಮ್ಮದೇ ತಪ್ಪೆಂಬಂತೆ.

"ಗೊತ್ತೈತ್ರಿ. ಖರೇ ಏನೈತಿ ಅದನ್ನ ಬರೀರಿ" ಎಂದು ಕಾಕಾ ಎದೆಯ ಕಿಸೆಯಿಂದ ಆ ಕಾಗದ ತೆಗೆದು ಅವರ ಮುಂದಿಟ್ಟರು.

ಅಪ್ಪ ಎದ್ದು ಹೊರಗೆ ಹೋದರು. ಬಹಳ ಹೊತ್ತಿಗೆ ಬಂದರು. ಬಂದವರೇ ಸಾಹೇಬರಿಗೆ, "ಹೊಸಾದು ಹಾಕ್ರಿ. ಏನಾಗ್ತೈತಿ ನಾ ನೋಡಕೋತೇನಿ" ಎಂದರು.

"ಅಣ್ಣಾ, ಮಾರು ಅಂದಿದ್ಯಲ್ಲ..."

"ಅಂದಿದ್ದೆ. ಈಗ ಬ್ಯಾಡ ಅನ್ನಾಕತ್ತೇನಿ. ಲಿಂಬಿಹಣ್ಣು ತುಳಿಸಿದ್ರ ಇದೆಲ್ಲಾ..." ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿ, ಲಿಂಬೆಹಣ್ಣಿನ ಚೀಲ ಎತ್ತಿ ಸಾಹೇಬರ ಮೇಜಿನ ಮೇಲಿಟ್ಟರು.

ಮರಳಿ ಬರುವಾಗ ಕಾಕು ದಾರಿಯ ಎರಡೂ ಬದಿ ನೋಡುತ್ತ ಕೂತಿದ್ದಳು, ಮೊದಲ ಸಲ ಆ ದಾರಿಯಲ್ಲಿ ಬರುವವಳ ಹಾಗೆ.

ಕಾರು ರಿಪೇರಿಯಾಗಿ ಸಿಕ್ಕಿದಾಗ ಸಾಹೇಬರು ಕಾಕಾನಿಂದ ಮಾತು ತೆಗೆದುಕೊಂಡರು: ಓಡುವ ಗಾಡಿಯನ್ನು ಇನ್ನು ನ್ಯೂಟ್ರಲ್ ಮಾಡುವಂತಿಲ್ಲ, ಮಾಡಿದರೆ ಇದೂ ಹೋಗುತ್ತದೆ. ಕಾಕಾ ಒಪ್ಪಿದರು, ಆದರೆ ಮುಖ ಬಾಡಿತು. ಊರಿಗೆ ಹೊರಟೆವು. ಕಾಕಾ, ಪಕ್ಕದಲ್ಲಿ ಕಾಕು, ಹಿಂದೆ ನಾನು. ಬಿಸಿಲು ಇಳಿದಿತ್ತು, ರಸ್ತೆ ಮೊದಲಿನ ಹಾಗೇ ಎದ್ದು ನಮ್ಮ ಕಡೆ ಬರುತ್ತಿತ್ತು. ಮನಗೂಳಿ ದಾಟಿದ ಮೇಲೆ ಅದೇ ಹನುಮಪ್ಪನ ಗುಡಿ ಕಂಡಿತು. ಕಾಕಾನ ಎಡಗೈ ರೂಢಿಯಂತೆ ಗೇರಿನ ಕಡೆ ಇಳಿಯಿತು, ಕೊಟ್ಟ ಮಾತು ನೆನಪಾಗಿ ನಡುವೆ ನಿಂತಿತು. ಏನು ಮಾಡಬೇಕು ತಿಳಿಯದೆ ಗಾಳಿಯಲ್ಲಿ ಹಾಗೇ ಇತ್ತು.

ಕಾಕು ಆ ಕೈಯನ್ನು ಹಿಡಿದು ಮೇಲೆತ್ತಿದಳು. ಅದಕ್ಕೆ ತನ್ನ ಬಲಗೈ ತಂದು ಜೋಡಿಸಿದಳು. ಅವರದೊಂದು ಕೈ, ಇವಳದೊಂದು ಕೈ, ಸ್ವಲ್ಪ ಸೊಟ್ಟಗಿತ್ತು.

"ಹೂಂ, ಎರಡೂ ಆದವು. ಮುಗೀರಿ ಈಗ" ಎಂದಳು.

ಗಾಡಿ ಡಿಯಲ್ಲೇ ಓಡುತ್ತಿತ್ತು. ಈ ಸಲ ನಾನು ಕಣ್ಣು ಮುಚ್ಚಿರಲಿಲ್ಲ, ಆದರೂ ಗುಡಿ ಸರಿಯಾಗಿ ಕಾಣಲಿಲ್ಲ.